ಆಡಿನ ಮುಂಗಾಲು, ಹಿಂಗಾಲು: 38 ಮೂಳೆ ಬಿಡಿಸಿ ಮತ್ತೆ ಮಡಚುವಂತೆ ಕಟ್ಟಿದ ದಾಖಲೆ

ಗೊರಸಿನ ಪ್ರಾಣಿಯ ಪಾದ ಹೇಗೆ ಮಡಚುತ್ತದೆ, ಭಾರ ಬಿದ್ದಾಗ ಹೇಗೆ ಕುಸಿದು ಮತ್ತೆ ಏಳುತ್ತದೆ ಎಂಬುದನ್ನು ಕೈಯಲ್ಲಿ ಎಳೆದು ತೋರಿಸುವ ಮಾದರಿ ಬೇಕಿತ್ತು. ಅಂಟು ಹಾಕಿ ನಿಲ್ಲಿಸಿದ ಅಸ್ಥಿಪಂಜರದಿಂದ ಇದು ತಿಳಿಯುವುದಿಲ್ಲ, ಕೀಲುಗಳು ಆಡಲೇಬೇಕು. ಕೆಲಸಕ್ಕೆ ಹಿಡಿದದ್ದು 11 ವಾರ. ಮುಂಗಾಲು ಮುಗಿದಿದೆ. ಹಿಂಗಾಲು ಮುಕ್ಕಾಲು ಮುಗಿದು ಹರಡಿನ, ಅಂದರೆ ಹಿಮ್ಮಡಿಯಿರುವ, ಕೀಲಿನಲ್ಲಿ ಸಿಕ್ಕಿಕೊಂಡಿದೆ.

ಮೊದಲು ಲೆಕ್ಕ. ಮುಂಗಾಲಿನಲ್ಲಿ ನಾವು ‘ಮಂಡಿ’ ಎನ್ನುವ ಜಾಗ ನಿಜವಾಗಿ ಮಣಿಕಟ್ಟು. ಅಲ್ಲಿ 6 ಮೂಳೆ. ಅದರ ಕೆಳಗೆ ಮೂರನೆಯ ಮತ್ತು ನಾಲ್ಕನೆಯ ಅಂಗೈ ಮೂಳೆಗಳು ಕೂಡಿ ಒಂದಾದ ಕ್ಯಾನನ್ ಮೂಳೆ 1. ಎರಡು ಬೆರಳಿಗೆ ಮೂರರಂತೆ 6 ಬೆರಳೆಲುಬು. ಉಳಿದವು ಕೀಲಿನ ಹಿಂದೆ ಕೂರುವ ಪುಟ್ಟ ಮೂಳೆಗಳಾದ ಸೆಸಮಾಯ್ಡ್‌ಗಳು: ಗೆಣ್ಣಿನ (ಕ್ಯಾನನ್ ಬೆರಳಿಗೆ ಸೇರುವ ಕೀಲಿನ) ಹಿಂದೆ 4, ಗೊರಸಿನೊಳಗೆ 2. ಒಟ್ಟು 19. ಹಿಂಗಾಲಿನಲ್ಲಿ ಹರಡಿನ 5 ಮೂಳೆ, ಅದರ ಹೊರಮಗ್ಗುಲಲ್ಲಿ ಕೂತ ಒಂದು ಪುಟ್ಟ ಮೂಳೆ, ಕ್ಯಾನನ್ 1, ಬೆರಳಿನವು 12. ಅಲ್ಲಿಯೂ 19. ಕೆಲವು ಹಿಂಗಾಲುಗಳಲ್ಲಿ ಕ್ಯಾನನ್‌ನ ಮೇಲ್ತುದಿಯ ಹಿಂದೆ ಇನ್ನೊಂದು ಸಣ್ಣ ಬಿಲ್ಲೆ ಸಿಗುತ್ತದೆ. ಸಿಕ್ಕರೆ ಎತ್ತಿಡಿ, ಲೆಕ್ಕಕ್ಕೆ ಸೇರಿಸಬೇಡಿ.

ದಿನ 1: ಕೆಟ್ಟುಹೋದ ಮೊದಲ ಸುತ್ತು

ಮಾಂಸದಂಗಡಿಯಲ್ಲಿ ಕಾಲು ಸೂಪಿಗೆಂದು ಸುಟ್ಟು ಕೆರೆದು ಇಟ್ಟಿದ್ದ ನಾಲ್ಕು ಕಾಲು, 200 ರೂಪಾಯಿ. ಪ್ರೆಷರ್ ಕುಕ್ಕರ್‌ನಲ್ಲಿ ನಾಲ್ಕು ಸೀಟಿ. ಇದರಲ್ಲಿ ಮೂರು ತಪ್ಪು ಒಟ್ಟಿಗೆ ಆದವು.

ಒಂದು, ಮರಿಯ ಕಾಲು. ಎಳೆಯ ಪ್ರಾಣಿಯ ಕ್ಯಾನನ್‌ನ ಕೆಳತುದಿ ಇನ್ನೂ ದಂಡಕ್ಕೆ, ಅಂದರೆ ಮೂಳೆಯ ಉದ್ದನೆಯ ನಡುಭಾಗಕ್ಕೆ, ಕೂಡಿರುವುದಿಲ್ಲ, ನಡುವೆ ಮೆದು ಎಲುಬಿನ ಪದರ ಇರುತ್ತದೆ. ಬೆಂದಾಗ ಅದು ಕರಗಿ ತುದಿಗಳು ಕಳಚುತ್ತವೆ. ಕ್ಯಾನನ್ ಒಂದಕ್ಕೆ ಎರಡು ತುದಿ, ಮೊದಲ ಹಾಗೂ ಎರಡನೆಯ ಬೆರಳೆಲುಬುಗಳ ಮೇಲ್ಟೋಪಿ ನಾಲ್ಕು. ನಾಲ್ಕು ಕಾಲಿಗೆ 24 ಬಿಡಿ ತುಂಡು! ಅಂಟಿಸಬಹುದು, ಆದರೆ ಕರಗಿಹೋದ ಪದರದ ದಪ್ಪ ಮರಳಿ ಬರುವುದಿಲ್ಲ. ಉದ್ದವೂ ಕೀಲಿನ ಕೋನವೂ ತಪ್ಪುತ್ತವೆ. ಎರಡು, ಸುಟ್ಟಿದ್ದರಿಂದ ಗೊರಸಿನೊಳಗಿನ ಕೊನೆಯ ಬೆರಳೆಲುಬು ಕಂದಿ ಪುಡಿಪುಡಿಯಾಗಿತ್ತು. ಮೂರು, ಅಂಗಡಿಯಲ್ಲಿ ಮಂಡಿಯ ಮಧ್ಯಕ್ಕೇ ಕತ್ತಿ ಹಾಕುತ್ತಾರೆ. ಮಣಿಕಟ್ಟಿನ ಮೇಲಿನ ಸಾಲು ಮುಂಡದ ಕಡೆಗೇ ಉಳಿದಿತ್ತು.

ಕುಕ್ಕರ್ ಬಗ್ಗೆ ಒಂದು ಮಾತು. ಬೇಯಿಸಿದರೆ ಮಜ್ಜೆಯ ಕೊಬ್ಬು ಮೂಳೆಯೊಳಕ್ಕೆ ಇಳಿಯುತ್ತದೆ, ಮೂಳೆಯನ್ನು ಹಿಡಿದಿಡುವ ಕೊಲಾಜನ್ ಸೂಪಿಗೆ ಹೋಗುತ್ತದೆ. ಒಣಗಿದ ಮೇಲೆ ಉಗುರಿನಿಂದ ಗೀರಿದರೆ ಸೀಮೆಸುಣ್ಣದಂತೆ ಉದುರುವುದು ಅದಕ್ಕೇ. ಊಟಕ್ಕೆ ಒಳ್ಳೆಯದು, ಮಾದರಿಗೆ ಅಲ್ಲ.

ದಿನ 3: ಸರಿಯಾದ ಕಾಲು ಕೇಳಿ ತರುವುದು

ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿಡಬೇಕು: ಕನಿಷ್ಠ ನಾಲ್ಕು ಹಲ್ಲಿನ ಆಡು (ವಯಸ್ಸು ಗುರುತಿಸುವುದು ಹಲ್ಲಿನಿಂದ), ಆರು ಹಲ್ಲಿನದಾದರೆ ಇನ್ನೂ ಒಳ್ಳೆಯದು, ಸುಡಬಾರದು, ಮುಂಗಾಲು ಮಂಡಿಯಿಂದ ನಾಲ್ಕು ಬೆರಳು ಮೇಲೆ, ಹಿಂಗಾಲು ಹರಡಿನಿಂದ ನಾಲ್ಕು ಬೆರಳು ಮೇಲೆ ಕಡಿಯಬೇಕು. ಎರಡು ಹಲ್ಲಿನದರಲ್ಲಿ ಬೆರಳೆಲುಬು ಕೂಡಿದ್ದರೂ ಕ್ಯಾನನ್‌ನ ತುದಿ ಕೂಡಿರುತ್ತದೆಂಬ ಖಾತರಿ ಇಲ್ಲ. ನಾಲ್ಕು ಕಾಲಿಗೆ 260 ರೂಪಾಯಿ.

ಆಡೋ ಕುರಿಯೋ ನೋಡಿಕೊಳ್ಳಿ. ಎರಡೂ ಗೊರಸಿನ ಸಂದಿನಲ್ಲಿ, ಮುಂಭಾಗಕ್ಕೆ, ಕಡ್ಡಿ ತೂರುವಷ್ಟು ತೂತಿದ್ದರೆ ಅದು ಕುರಿ. ಒಳಗೆ ಜಿಡ್ಡಿನ ಚೀಲ ಇರುತ್ತದೆ. ಆಡಿಗೆ ಅದಿಲ್ಲ. ಚರ್ಮ ಹೋದ ಮೇಲೂ ಮುಂಗಾಲಿನ ಕ್ಯಾನನ್ ನೋಡಿ ಹೇಳಬಹುದು. ಕೆಳತುದಿಯ ರಾಟೆಯ (ದುಂಡನೆಯ ಕೀಲುಮೈಯ) ನಡುವಿನ ಏಣಿನ ವ್ಯಾಸ ಅಳೆಯಿರಿ, ಅದರ ಹೊರ ಅಂಚಿನ ವ್ಯಾಸ ಅಳೆಯಿರಿ. ಅಂಚಿನದು ಏಣಿನ ಶೇ. 63ಕ್ಕಿಂತ ಕಡಿಮೆಯಿದ್ದರೆ ಆಡು, ಹೆಚ್ಚಿದ್ದರೆ ಕುರಿ. ಜರ್ಮನಿಯ ಯೋಆಖಿಮ್ ಬೋಸ್ನೆಕ್ ಉತ್ಖನನದಲ್ಲಿ ಸಿಕ್ಕ ಮೂಳೆಗಳನ್ನು ಬೇರ್ಪಡಿಸಲು ಕೊಟ್ಟ ಅಳತೆ ಇದು. ನಮ್ಮದು 9.4 ಮತ್ತು 15.8 ಮಿ.ಮೀ., ಅಂದರೆ 59.5. ಆಡೇ.

ಎರಡು ಎಚ್ಚರ. ತಾನಾಗಿ ಸತ್ತ ಪ್ರಾಣಿಯ ಕಾಲು ಬೇಡವೇ ಬೇಡ. ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಚರ್ಮದಿಂದಲೂ ಮೂಳೆಯಿಂದಲೂ ಹರಡುತ್ತದೆ. ಗೊರಸಿನ ಸಂದಿನಲ್ಲಿ ಹುಣ್ಣು, ಬೊಬ್ಬೆ ಕಂಡರೂ ತರಬೇಡಿ. ಇನ್ನು, ಕಾಡಂಚಿನಲ್ಲಿ ಬಿದ್ದಿದ್ದ ಜಿಂಕೆಯ ಕಾಲನ್ನು ಹೋಲಿಕೆಗೆಂದು ಮನೆಗೆ ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದು ಅಪರಾಧ.

ದಿನ 3–4: ಚರ್ಮ ಬಿಡಿಸಿ ಎಳೆಗಳ ಚಿತ್ರ ತೆಗೆಯುವುದು

ಕೈಗವಸು, ಚೂಪಾದ ಸಣ್ಣ ಚಾಕು, ಚಿಮುಟ, 15 ಸೆಂ.ಮೀ. ಅಳತೆಪಟ್ಟಿ. ಈ ಹಂತ ಬಿಟ್ಟರೆ ಮುಂದೆ ದಾರ ಕಟ್ಟುವಾಗ ಊಹೆಯೇ ಗತಿ. ಹಿಂದಿನಿಂದ ಸೀಳಿ ಚರ್ಮ ತೆಗೆದಾಗ ಮೊದಲು ಕಾಣುವುದು ಹೊರಗಿನ ಮಡಚು ರಜ್ಜು, ಅಂದರೆ ಬೆರಳನ್ನು ಮಡಚುವ ಸ್ನಾಯುವಿನ ಎಳೆ. ಅದು ಎರಡಾಗಿ ಕವಲೊಡೆದು ಪ್ರತಿ ಬೆರಳಿನ ಎರಡನೆಯ ಮೂಳೆಗೆ ಅಂಟುತ್ತದೆ. ಗೆಣ್ಣಿನ ಹತ್ತಿರ ಅದು ಒಂದು ಬಳೆಯಾಗುತ್ತದೆ, ಒಳಗಿನ ಮಡಚು ರಜ್ಜು ಆ ಬಳೆಯೊಳಗೆ ತೂರಿ ಗೊರಸಿನೊಳಗಿನ ಮೂರನೆಯ ಮೂಳೆಯ ತಳಕ್ಕೆ ಹೋಗುತ್ತದೆ. ಇವೆರಡರ ಆಚೆ, ಕ್ಯಾನನ್‌ನ ಬೆನ್ನಿಗೇ ಒತ್ತಿಕೊಂಡು, ಬಿಳಿಯ ಅಗಲ ಪಟ್ಟಿಯಂತೆ ಇರುವುದೇ ತೂಗು ಅಸ್ಥಿರಜ್ಜು. ಅದು ನಾಲ್ಕು ಸೆಸಮಾಯ್ಡ್‌ಗಳನ್ನೂ ಹಿಡಿದಿರುತ್ತದೆ. ಚಾಕು ಹಾಕುವ ಮೊದಲು ಹೆಬ್ಬೆರಳಿನಿಂದ ಗೆಣ್ಣನ್ನು ಒತ್ತಿ ನೋಡಿ: ಅದು ಬಿಗಿದು ತಂತಿಯಂತಾಗುವುದು ತಿಳಿಯುತ್ತದೆ. ಇಡೀ ಕೆಲಸದಲ್ಲಿ ತುಂಬ ಕಲಿಸಿದ ಒಂದು ನಿಮಿಷ ಇದು.

ಪ್ರತಿ ಪದರಕ್ಕೂ ಅಳತೆಪಟ್ಟಿ ಪಕ್ಕದಲ್ಲಿಟ್ಟು ಮೂರು ಕಡೆಯಿಂದ ಫೋಟೊ.

ದಿನ 4–28: ಕೊಳೆಯಿಸುವುದು

ಮುಚ್ಚಳವಿರುವ 10 ಲೀಟರ್ ಪ್ಲಾಸ್ಟಿಕ್ ಬಕೆಟ್, ಬರಿಯ ನೀರು, ಬಿಸಿಲು ಬೀಳುವ ತಾರಸಿ. ನೀರು 30ರಿಂದ 35 ಡಿಗ್ರಿ ಇದ್ದರೆ ಸೂಕ್ಷ್ಮಜೀವಿಗಳು ಬೇಗ ಕೆಲಸ ಮಾಡುತ್ತವೆ. ನಾಲ್ಕು ದಿನಕ್ಕೊಮ್ಮೆ ಮೂರನೇ ಎರಡು ಭಾಗ ನೀರು ಬದಲಿಸಿ, ಒಂದು ಭಾಗ ಹಳೆಯದೇ ಇರಲಿ. ಪೂರ್ತಿ ಚೆಲ್ಲಿದರೆ ಮತ್ತೆ ಮೊದಲಿನಿಂದ ಶುರು. ವಾಸನೆ ವಿಪರೀತ, ನೀರನ್ನು ಮೋರಿಗೆ ಬಿಡದೆ ಗುಂಡಿಗೆ ಹಾಕಿ ಮಣ್ಣು ಮುಚ್ಚುವುದು ಲೇಸು.

ಪ್ರತಿ ಬೆರಳನ್ನೂ ಬೇರೆ ಬೇರೆ ನೈಲಾನ್ ಕಾಲುಚೀಲದ ತುಂಡಿನಲ್ಲಿ ಕಟ್ಟಿ. ಗುರುತಿಗೆ ಗಂಟು: ಮುಂಗಾಲಿನ ಒಳಬೆರಳು ಒಂದು ಗಂಟು, ಹೊರಬೆರಳು ಎರಡು, ಹಿಂಗಾಲಿನವು ಮೂರು, ನಾಲ್ಕು. ಕಾಗದದ ಚೀಟಿ ಒಂದೇ ವಾರದಲ್ಲಿ ಕರಗುತ್ತದೆ, ಮಾರ್ಕರ್ ಅಳಿಸುತ್ತದೆ. ಒಂದು ಚೀಲದ ಗಂಟು ಬಿಚ್ಚಿ ಮುಂಗಾಲಿನ ಎರಡೂ ಬೆರಳು ಬೆರೆತವು. ಕೊನೆಯ ಬೆರಳೆಲುಬು ಬೇರ್ಪಡಿಸುವುದು ಸುಲಭ, ಇನ್ನೊಂದು ಬೆರಳಿಗೆ ಎದುರಾದ ಮೈ ಚಪ್ಪಟೆ, ಹೊರಮೈ ಉಬ್ಬು. ಮೊದಲ, ಎರಡನೆಯ ಮೂಳೆಗಳನ್ನು ಮಾತ್ರ ಒಂದರ ಮೇಲೊಂದು ಕೂರಿಸಿ, ಬೆಳಕಿಗೆ ಹಿಡಿದು, ಸಂದು ಕಾಣದ ಜೋಡಿಯನ್ನು ಹುಡುಕಬೇಕಾಯಿತು. ಅರ್ಧ ದಿನ ಹೋಯಿತು.

ಆರನೆಯ ದಿನಕ್ಕೆ ಗೊರಸುಗಳು ತಾವೇ ಜಾರಿದವು. ಎಳೆದು ಕೀಳಬೇಡಿ, ಒಳಗಿನ ಮೂಳೆಯ ಅಂಚು ಬಿಸ್ಕತ್ತಿನಷ್ಟೇ ಗಟ್ಟಿ. ನೀರು ಬಸಿಯುವಾಗ ಪ್ರತಿ ಸಲವೂ ಟೀ ಸೋಸುವ ಜಾಲರಿ. ಸೆಸಮಾಯ್ಡ್ ಎಂದರೆ ಎಳ್ಳಿನಂಥದು ಎಂದೇ ಅರ್ಥ. ಇಲ್ಲಿ ಅವು ಎಳ್ಳಿಗಿಂತ ದೊಡ್ಡವು, 8ರಿಂದ 11 ಮಿ.ಮೀ., ಆದರೂ ಕೊಳೆತ ಮಾಂಸದ ಚೂರಿನಂತೆಯೇ ಕಾಣುತ್ತವೆ. ಒಂದನ್ನು ಎಸೆದಾಗಿತ್ತು, ಗುಂಡಿಯ ಮಣ್ಣು ಜರಡಿ ಹಿಡಿದು ತೆಗೆಯಬೇಕಾಯಿತು. 38 ಎಣಿಕೆ ಆಗುವವರೆಗೆ ಏನನ್ನೂ ಚೆಲ್ಲಬಾರದು.

ದಿನ 28–46: ಜಿಡ್ಡು, ಬಿಳುಪು

ಕ್ಯಾನನ್ ಅಂದರೆ ನಲ್ಲಿ ಮೂಳೆ, ಒಳಗೆ ಮಜ್ಜೆ. ಮೇಲ್ತುದಿಯಲ್ಲಿ, ಮುಂದೆ ಬೇರೆ ಮೂಳೆ ಕೂತು ಮುಚ್ಚುವ ಜಾಗದಲ್ಲಿ, 2 ಮಿ.ಮೀ. ತೂತು ಕೊರೆದು 10 ಮಿ.ಲೀ. ಸಿರಿಂಜಿನಿಂದ ಬಿಸಿನೀರು ನುಗ್ಗಿಸಿ ತೊಳೆಯಬೇಕು. ಒಂದು ಕ್ಯಾನನ್‌ಗೆ ತೂತು ಮಾಡದೆ ನೋಡಿದ್ದಾಯಿತು: ಬಿಳುಪಾದ ಎರಡೇ ವಾರಕ್ಕೆ ಹಳದಿ ಕಲೆ ಹೊರಬಂತು, ಮತ್ತೆ ಎಲ್ಲ ಮೊದಲಿನಿಂದ.

ಪಾತ್ರೆ ತೊಳೆಯುವ ದ್ರವ ಲೀಟರಿಗೆ ಎರಡು ಚಮಚ, ನೀರು ಸುಮಾರು 45 ಡಿಗ್ರಿ, ಮೂರು ದಿನಕ್ಕೊಮ್ಮೆ ಬದಲು, ಒಟ್ಟು 15 ದಿನ. ಕೊನೆಗೆ ಗಾಜಿನ ಬಾಟಲಿಯಲ್ಲಿ ಎರಡು ದಿನ ಅಸಿಟೋನ್, ಒಲೆಯಿಂದ ದೂರ, ಗಾಳಿಯಾಡುವ ಕಡೆ. ಆಮೇಲೆ ತೊಳೆದು, ಪೂರ್ತಿ ಒಣಗಿಸಿ, ಔಷಧದಂಗಡಿಯ ಶೇ. 6ರ ಹೈಡ್ರೋಜನ್ ಪೆರಾಕ್ಸೈಡ್‌ಗೆ ಅಷ್ಟೇ ನೀರು ಬೆರೆಸಿ ಅದರಲ್ಲಿ ಮುಳುಗಿಸಿದ್ದು: ಬೆರಳೆಲುಬು 24 ಗಂಟೆ, ಕ್ಯಾನನ್ 40 ಗಂಟೆ. ಮುಚ್ಚಳ ಬಿಗಿ ಮಾಡಬೇಡಿ, ಅನಿಲ ತುಂಬಿ ಡಬ್ಬಿ ಸಿಡಿಯುತ್ತದೆ. ಬ್ಲೀಚಿಂಗ್ ಪುಡಿ ಅಗ್ಗವೆಂದು ಅದಕ್ಕೆ ಕೈ ಹಾಕಬೇಡಿ. ಅದು ಕೊಲಾಜನ್ ಅನ್ನೇ ತಿನ್ನುತ್ತದೆ, ವರ್ಷಗಳ ನಂತರವೂ ಮೂಳೆ ಪುಡಿ ಉದುರಿಸುತ್ತಿರುತ್ತದೆ.

ಒಣಗಿದ ಮೇಲಿನ ಅಳತೆ: ಮುಂಗಾಲಿನ ಕ್ಯಾನನ್ 112 ಮಿ.ಮೀ., ಹಿಂಗಾಲಿನದು 119. ಮುಂದಿನದರ ದಂಡ ಹಿಂಬದಿಗೆ ಚಪ್ಪಟೆ, ಹಿಂದಿನದು ಹೆಚ್ಚು ಚೌಕ. ಎರಡೂ ಬೆರೆತರೆ ಇದೊಂದು ನೋಡಿದರೆ ಸಾಕು.

ದಿನ 47–60: ಮುಂಗಾಲಿನ ಜೋಡಣೆ

ಸಲಕರಣೆ: ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್, 1.0, 1.5 ಮತ್ತು 2.1 ಮಿ.ಮೀ. ಬಿಟ್, ಹಿತ್ತಾಳೆ ತಂತಿ 1.0 ಮಿ.ಮೀ., ಸೈಕಲ್ ಸ್ಪೋಕ್, ಫೆವಿಕ್ವಿಕ್, ಅರಾಲ್ಡೈಟ್, ನೈಲಾನ್ ದಾರ ಕೆಂಪು ಮತ್ತು ನೀಲಿ, ಹಳೆಯ ಸೈಕಲ್ ಟ್ಯೂಬು, ತೆಳು ಚರ್ಮದ ಪಟ್ಟಿ. ಹಲಗೆ 300×150×18 ಮಿ.ಮೀ. ಪ್ಲೈವುಡ್.

ಮಣಿಕಟ್ಟಿನಲ್ಲಿ ಯಾವ ಸಾಲು ಆಡುತ್ತದೆ ಎಂಬುದನ್ನು ಹಸಿ ಕಾಲಿನಲ್ಲೇ ಮಡಚಿ ನೋಡಿಟ್ಟುಕೊಳ್ಳಿ. ಹೆಚ್ಚಿನ ಮಡಿಕೆ ಮುಂಗೈ ಮೂಳೆ ಮತ್ತು ಮೇಲಿನ ಸಾಲಿನ ನಡುವೆ. ಅದಕ್ಕಿಂತ ಕಡಿಮೆ ಎರಡು ಸಾಲುಗಳ ನಡುವೆ. ಕೆಳಸಾಲು ಮತ್ತು ಕ್ಯಾನನ್ ನಡುವೆ ಏನೂ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಕೆಳಸಾಲಿನ ಎರಡು ಮೂಳೆಯನ್ನು ಕ್ಯಾನನ್‌ಗೇ ಅಂಟಿಸಿದ್ದು. ಮೇಲುಸಾಲಿನ ಮೂರನ್ನು ಒಂದೇ ತಂತಿಯಲ್ಲಿ ಅಡ್ಡ ಪೋಣಿಸಿ, ಹಿಂದಕ್ಕೆ ಚಾಚಿದ ನಾಲ್ಕನೆಯದನ್ನು ಹೊರತುದಿಯ ಮೂಳೆಗೆ ಕಟ್ಟಿದ್ದು. ಹಿಂಬದಿಗೆ ಚರ್ಮದ ಪಟ್ಟಿ, ಕಾಲು ನೇರವಾದಾಗ ಬಿಗಿಯುವಷ್ಟು ಉದ್ದ. ಪಟ್ಟಿ ಇಲ್ಲದಿದ್ದರೆ ಮಂಡಿ ಮುಂದಕ್ಕೂ ಬಾಗುತ್ತದೆ, ಜೀವಂತ ಆಡಿನಲ್ಲಿ ಹಾಗಾಗುವುದಿಲ್ಲ.

ಕಷ್ಟವೆಲ್ಲ ಗೆಣ್ಣಿನಲ್ಲಿ. ಕ್ಯಾನನ್‌ನ ಎರಡು ರಾಟೆಗಳಲ್ಲೂ ನಡುವೆ ಒಂದೊಂದು ಏಣು ಇದೆಯಲ್ಲ, ಮೊದಲ ಬೆರಳೆಲುಬಿನ ಗಾಡಿಗೆ ಅದು ಹಳಿಯಿದ್ದಂತೆ. ಕೈಯಲ್ಲಿ ಕೂರಿಸಿದರೆ ಹಿಂದೆ ಮುಂದೆ ನಯವಾಗಿ ಜಾರುತ್ತದೆ, ಪಕ್ಕಕ್ಕೆ ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ. ಓಡುವಾಗ ಪಾದ ಪಕ್ಕಕ್ಕೆ ಮುರುಟದಿರುವುದು ಇದರಿಂದ. ಆ ಏಣಿನ ಹಿಂದಿನ ಅರ್ಧ ಜಾರುವುದು ಮಾತ್ರ ಬೆರಳೆಲುಬಿನ ಮೇಲಲ್ಲ, ಎರಡು ಸೆಸಮಾಯ್ಡ್‌ಗಳ ನಡುವಿನ ಓಣಿಯಲ್ಲಿ.

ಮೊದಲ ಜೋಡಣೆಯಲ್ಲಿ ಸೆಸಮಾಯ್ಡ್‌ಗಳನ್ನು ಕ್ಯಾನನ್‌ನ ಬೆನ್ನಿಗೆ ಅಂಟಿಸಿದ್ದು ದೊಡ್ಡ ತಪ್ಪು. ನೋಡಲು ಚಿತ್ರದಲ್ಲಿದ್ದಂತೆಯೇ ಇತ್ತು. ಆದರೆ 20 ಡಿಗ್ರಿ ಮಡಚುವಷ್ಟರಲ್ಲಿ ಬೆರಳೆಲುಬು ಅವಕ್ಕೆ ತಾಗಿ ನಿಂತಿತು. ಅಸಿಟೋನ್ ಹಚ್ಚಿ ಬಿಡಿಸುವಾಗ ಒಂದರ ಅಂಚು ಚಿಪ್ಪೆದ್ದಿತು. ಸೆಸಮಾಯ್ಡ್‌ಗಳು ಹೋಗುವುದು ಬೆರಳಿನ ಜೊತೆ, ಕ್ಯಾನನ್ ಜೊತೆ ಅಲ್ಲ. ಕೊಳೆಯಿಸುವ ಮುಂಚೆ ತೆಗೆದ ಫೋಟೊದಲ್ಲಿ ಅವುಗಳಿಂದ ಬೆರಳೆಲುಬಿಗೆ ಕತ್ತರಿಯಾಕಾರದಲ್ಲಿ ಇಳಿದ ಗಿಡ್ಡ ಅಸ್ಥಿರಜ್ಜುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಚಿತ್ರ ಕೈಯಲ್ಲಿದ್ದೂ ನೋಡದೆ ಅಂಟಿಸಿದ್ದು.

ಎರಡನೆಯ ಸಲ: ಪ್ರತಿ ಸೆಸಮಾಯ್ಡ್‌ಗೆ 1 ಮಿ.ಮೀ. ತೂತು, ಒಂದೇ ಬೆರಳಿನ ಎರಡನ್ನೂ ಟ್ಯೂಬಿನ 6 ಮಿ.ಮೀ. ತುಂಡಿನಿಂದ ಸೇರಿಸಿ ನಡುವೆ ಓಣಿ ಬಿಟ್ಟು, ಕೆಳಗಿನಿಂದ ಬಿಗಿ ನೈಲಾನ್ ದಾರದಲ್ಲಿ ಮೊದಲ ಬೆರಳೆಲುಬಿನ ಹಿಂಭಾಗಕ್ಕೆ ಕತ್ತರಿ ಹೊಲಿಗೆ. ದಾರ ಸಡಿಲವಾದರೆ ಸೆಸಮಾಯ್ಡ್ ಏಣಿನಿಂದ ಪಕ್ಕಕ್ಕೆ ಹಾರುತ್ತದೆ. 1 ಮಿ.ಮೀ. ಸಡಿಲವೂ ಹೆಚ್ಚೇ.

ತೂಗು ಅಸ್ಥಿರಜ್ಜಿಗೆ ಟೈಲರ್ ಎಲಾಸ್ಟಿಕ್ ಹಾಕಿದಾಗ ಅರ್ಧ ಕಿಲೋ ತೂಕಕ್ಕೇ ಗೆಣ್ಣು ಹಲಗೆ ಮುಟ್ಟಿತು. 8 ಮಿ.ಮೀ. ಅಗಲದ ಟ್ಯೂಬು ಪಟ್ಟಿ ಒಂದೆಳೆ: 1 ಕಿಲೋಗೆ 22 ಡಿಗ್ರಿ ಕುಸಿತ. ಎರಡೆಳೆ: 11 ಡಿಗ್ರಿ, ತೂಕ ತೆಗೆದರೆ ಒಂದು ಡಿಗ್ರಿಯಷ್ಟು ಬಿಟ್ಟು ಪೂರ್ತಿ ವಾಪಸು. ನಿಂತ ಆಡಿನ ಫೋಟೊವನ್ನು ಪಕ್ಕದಿಂದ, ಕ್ಯಾಮೆರಾ ಮಂಡಿಯ ಎತ್ತರಕ್ಕಿಟ್ಟು ತೆಗೆದು, ಬೆರಳಿನ ಇಳಿಜಾರು ನೆಲಕ್ಕೆ 55 ಡಿಗ್ರಿ ಎಂದು ಅಳೆದು, ತೂಕವಿಲ್ಲದ ಮಾದರಿಯನ್ನು 62ಕ್ಕೆ ಹೊಂದಿಸಿದ್ದಾಗಿದೆ. ಪಟ್ಟಿಯನ್ನು ಕಟ್ಟುವಾಗಲೇ ಸ್ವಲ್ಪ ಎಳೆದಿರಬೇಕು.

ಇನ್ನು ಮಡಚು ದಾರಗಳು. ಕೆಂಪು ಹೊರಗಿನದು, ಎರಡನೆಯ ಬೆರಳೆಲುಬಿಗೆ. ನೀಲಿ ಒಳಗಿನದು, ಕೆಂಪಿನ ಬಳೆಯೊಳಗೆ ತೂರಿ ಕೊನೆಯದಕ್ಕೆ. ಬಳೆಗೆ 4 ಮಿ.ಮೀ. ಹಿತ್ತಾಳೆ ಉಂಗುರ. ಗೊರಸಿನೊಳಗಿನ ಪುಟ್ಟ ಸೆಸಮಾಯ್ಡ್ ಇಲ್ಲದೆ ನೀಲಿ ದಾರ ಎಳೆದಾಗ ಅದು ಎರಡು ಮೂಳೆಯ ಸಂದಿಗೆ ಬಿದ್ದು ಸಿಕ್ಕಿಕೊಂಡಿತು. ಸೆಸಮಾಯ್ಡ್ ಕೂರಿಸಿದ ಮೇಲೆ ದಾರ ಅದರ ಮೇಲೆ ಜಾರಿತು, ಗೊರಸಿನ ತುದಿ ಸಲೀಸಾಗಿ ಮಡಚಿತು. 8 ಮಿ.ಮೀ. ಮೂಳೆ ಅಲ್ಲಿ ಕೂತಿರುವುದು ಇದಕ್ಕೇ: ರಜ್ಜನ್ನು ಕೀಲಿನಿಂದ ಹೊರಕ್ಕೆ ಎತ್ತಿ ಹಿಡಿಯುವುದಕ್ಕೆ. ಅಂಗಡಿಯಲ್ಲಿ ಸಿಗುವ ಜೋಡಿಸಿದ ಮಾದರಿಗಳಲ್ಲಿ ಬಿಟ್ಟುಹೋಗುವುದು ಹೆಚ್ಚಾಗಿ ಇದೇ ಮೂಳೆ.

ಇನ್ನೊಂದು ತಪ್ಪು. ಎರಡೂ ಬೆರಳಿಗೆ ಒಂದೇ ದಾರ ಕಟ್ಟಿದ್ದರಿಂದ ಎರಡೂ ಒಟ್ಟಿಗೇ ಎದ್ದು ಒಟ್ಟಿಗೇ ಇಳಿಯುತ್ತಿದ್ದವು. ಬಂಡೆ ಹತ್ತುವ ಆಡಿನ ಗೊರಸು ಹಾಗಲ್ಲ, ಒಂದು ಬೆರಳು ಎತ್ತರದ ಕಲ್ಲಿನ ಮೇಲೆ, ಇನ್ನೊಂದು ತಗ್ಗಿನಲ್ಲಿ ಕೂರಬಲ್ಲದು. ಗೆಣ್ಣಿನ ಕೆಳಗೆ ದಾರ ಸೀಳಿ, ಎರಡು ಬೆರಳಿನ ಎರಡನೆಯ ಮೂಳೆಗಳ ನಡುವೆ 14 ಮಿ.ಮೀ. ಚರ್ಮದ ತಡೆಪಟ್ಟಿ ಕಟ್ಟಿದ ಮೇಲೆ ಸರಿಯಾಯಿತು. ತಡೆಪಟ್ಟಿ ಇಲ್ಲದಿದ್ದರೆ ಭಾರ ಬಿದ್ದಾಗ ಬೆರಳುಗಳು ಕತ್ತರಿಯಂತೆ ತೆರೆದುಬಿಡುತ್ತವೆ.

ದಿನ 61–77: ಹಿಂಗಾಲು

ಬೆರಳುಗಳ ಕೆಲಸ ಮುಂಗಾಲಿನಂತೆಯೇ, ಮೂರು ದಿನದಲ್ಲಿ ಮುಗಿಯಿತು. ನಿಂತದ್ದು ಹರಡಿನಲ್ಲಿ. ಜನ ‘ಹಿಂದಕ್ಕೆ ಬಾಗಿದ ಮಂಡಿ’ ಎನ್ನುವುದು ಇದನ್ನೇ. ಅದರ ಹಿಂದೆ ಚಾಚಿಕೊಂಡಿರುವುದು ನಮ್ಮ ಹಿಮ್ಮಡಿಯ ಮೂಳೆಯೇ. ನಮಗದು ನೆಲ ಮುಟ್ಟುತ್ತದೆ, ಆಡಿಗೆ ಕ್ಯಾನನ್‌ನ ಉದ್ದಕ್ಕೂ ಮೇಲೆ ಎದ್ದಿದೆ. ನೋಡುವವರಿಗೆ ತಿಳಿಯಲೆಂದು ಹಿಮ್ಮಡಿ ಮೂಳೆಗೆ ಹಸಿರು ದಾರ ಸುತ್ತಿ, ಪಕ್ಕದಲ್ಲಿಟ್ಟ ಮನುಷ್ಯ ಪಾದದ ಪ್ಲಾಸ್ಟಿಕ್ ಮಾದರಿಯ ಹಿಮ್ಮಡಿಗೂ ಅದೇ ಹಸಿರು ಸುತ್ತಿದ್ದು. ಎಷ್ಟು ಲೇಬಲ್ ಬರೆದರೂ ಆಗದ ಕೆಲಸ ಆ ಎರಡು ದಾರ ಮಾಡುತ್ತವೆ.

ಹರಡಿನ ಅಚ್ಚು ಮೂಳೆಗೆ, ಅಂದರೆ ಮೇಲಿನ ಕಾಲುಮೂಳೆ ಕೂರುವ ಮೂಳೆಗೆ, ಮೇಲೊಂದು ರಾಟೆ, ಕೆಳಗೊಂದು ರಾಟೆ. ಗೊರಸು ಸೀಳಿದ ಪ್ರಾಣಿಗಳ ಗುರುತು ಇದು. 2001ರಲ್ಲಿ ಪಾಕಿಸ್ತಾನದ ಪುರಾತನ ತಿಮಿಂಗಿಲಗಳ ಪಳೆಯುಳಿಕೆಯಲ್ಲಿ ಇದೇ ಎರಡು ರಾಟೆ ಕಂಡದ್ದರಿಂದಲೇ ತಿಮಿಂಗಿಲಗಳು ಈ ಬಳಗದ್ದೆಂದು ಮೂಳೆಯಿಂದಲೂ ಖಚಿತವಾಯಿತು. ಸಮುದ್ರಕ್ಕಿಳಿದ ಪ್ರಾಣಿಯ ನಂಟನ್ನು ಸೂಪಿನ ಬಟ್ಟಲಲ್ಲಿ ಸಿಗುವ ಮೂಳೆ ಹೇಳಿತು ಎಂಬುದು ಅದನ್ನು ಕೈಯಲ್ಲಿ ಹಿಡಿದಾಗಲೆಲ್ಲ ನೆನಪಾಗುತ್ತದೆ.

ಮೊದಲ ಪ್ರಯತ್ನ: ಅಚ್ಚು ಮೂಳೆಯನ್ನು ಮೇಲಿನಿಂದ ಕೆಳಕ್ಕೆ ಸ್ಪೋಕ್‌ನಿಂದ ಪೋಣಿಸಿದ್ದು. ಎರಡೂ ರಾಟೆ ಸತ್ತವು, ಕಾಲು ಗೂಟದಂತಾಯಿತು. ಎರಡನೆಯದು: ಮೇಲಿನ ರಾಟೆಯ ಕೇಂದ್ರದಲ್ಲಿ ಅಡ್ಡ 1.5 ಮಿ.ಮೀ. ತೂತು, ತಂತಿಯ ಎರಡು ತುದಿಗೆ ಹಿತ್ತಾಳೆ ತಗಡಿನ ಕಿವಿ, ಕಿವಿಗಳು ಮೇಲಿನ ಕಾಲುಮೂಳೆಗೆ. ರಾಟೆಯ ಕೇಂದ್ರ ಕಣ್ಣಂದಾಜಿಗೆ ಸಿಗುವುದಿಲ್ಲ. ಮೂಳೆಯನ್ನು ಪಕ್ಕದಿಂದ ಫೋಟೊ ತೆಗೆದು ಅಂಚಿನ ಕಮಾನಿಗೆ ವೃತ್ತ ಹೊಂದಿಸಿ ಗುರುತು ಹಾಕಿದ್ದು. ಮೊದಲ ತೂತು 1.5 ಮಿ.ಮೀ. ಹಿಂದಕ್ಕೆ ಹೋಗಿ, ಮಡಚಿದಾಗ ಕೀಲು ಬಾಯಿ ಬಿಟ್ಟಿತು. ಅರಾಲ್ಡೈಟ್‌ಗೆ ಮೂಳೆಪುಡಿ ಕಲಸಿ ತೂತು ಮುಚ್ಚಿ, ಒಂದು ದಿನ ಬಿಟ್ಟು ಮತ್ತೆ ಕೊರೆದದ್ದು. ಈಗ ಮೇಲಿನ ರಾಟೆ ಚೆನ್ನಾಗಿ ಆಡುತ್ತದೆ. ಹಿಮ್ಮಡಿಯ ತುದಿಗೆ ಕಟ್ಟಿದ ದಾರವನ್ನು ಮೇಲಕ್ಕೆ ಎಳೆದರೆ ಕಾಲು ನೆಟ್ಟಗಾಗುತ್ತದೆ. ಆ ತುದಿ ಅಷ್ಟು ಉದ್ದ ಏಕೆಂದು ಎಳೆದ ಬೆರಳಿಗೇ ತಿಳಿಯುತ್ತದೆ: ದಾರವನ್ನು ತುದಿಯ ಬದಲು ಅರ್ಧದಲ್ಲಿ ಕಟ್ಟಿ ನೋಡಿದಾಗ ಸುಮಾರು ಎರಡರಷ್ಟು ಬಲ ಬೇಕಾಯಿತು.

ಹೊರಮಗ್ಗುಲಿನ ಪುಟ್ಟ ಮೂಳೆ ಅಳಿದುಳಿದ ಕಿರು ಕಾಲುಮೂಳೆಯ ಕೆಳತುದಿ. ತಗಡಿನ ಕಿವಿ ಅದರ ಜಾಗವನ್ನೇ ತಿಂದಿದೆ. ಸದ್ಯಕ್ಕೆ ಕಿವಿಯ ಮೇಲೆಯೇ ಅಂಟಿಸಿದೆ, 1 ಮಿ.ಮೀ. ಹೊರಕ್ಕೆ ನಿಂತಿದೆ. ಇದು ತಪ್ಪೇ, ಹಲಗೆಯ ಚೀಟಿಯಲ್ಲಿ ಬರೆದಿದೆ.

ಖರ್ಚು ರೂಪಾಯಿಗಳಲ್ಲಿ: ಕಾಲು ಎರಡು ಸುತ್ತು 460, ಪೆರಾಕ್ಸೈಡ್ ನಾಲ್ಕು ಬಾಟಲಿ 160, ಅಸಿಟೋನ್ 190, ಪಾತ್ರೆ ದ್ರವ 110, ಬಿಟ್ 120, ತಂತಿ 90, ಸ್ಪೋಕ್ 32, ಫೆವಿಕ್ವಿಕ್ 20, ಅರಾಲ್ಡೈಟ್ 85, ದಾರ 60, ಪ್ಲೈವುಡ್ ತುಂಡು 150. ಒಟ್ಟು 1,477. ಟ್ಯೂಬು, ಚರ್ಮ, ತಗಡು, ಉಂಗುರ ಮನೆಯಲ್ಲಿದ್ದವು.

ಉಳಿದಿರುವುದು ಕೆಳಗಿನ ರಾಟೆ. ಅಲ್ಲಿ ಚಲನೆ ಕಡಿಮೆ, ಆದರೆ ಇದೆ. ಹಸಿ ಕಾಲನ್ನು ಪೂರ್ತಿ ಮಡಚಿದಾಗ ಬೆರಳಿಟ್ಟರೆ ತಿಳಿಯುತ್ತಿತ್ತು. ಹಿಮ್ಮಡಿ ಮೂಳೆಯನ್ನು ಅಚ್ಚು ಮೂಳೆಗೆ ಅಂಟಿಸಿದರೆ ಅದು ನಿಲ್ಲುತ್ತದೆ, ಅಂಟಿಸದಿದ್ದರೆ ದಾರ ಎಳೆದಾಗ ಹಿಮ್ಮಡಿಯೇ ಪಕ್ಕಕ್ಕೆ ವಾಲುತ್ತದೆ. ಈಗ ಎರಡರ ನಡುವೆ ಟ್ಯೂಬಿನ 0.8 ಮಿ.ಮೀ. ತೆಳು ಪದರ ಇಟ್ಟು, ಹೊರಮಗ್ಗುಲಿಗೆ ಉದ್ದದ ಚರ್ಮದ ಪಟ್ಟಿ, ಒಳಮಗ್ಗುಲಿಗೆ ಗಿಡ್ಡದು ಕಟ್ಟಿ ಒಣಗಲು ಬಿಟ್ಟಿದೆ. ನಾಳೆ ಹಿಡಿಕೆ ಬಿಚ್ಚಿ 1 ಕಿಲೋ ಇಟ್ಟು ನೋಡಬೇಕು.